ಸರ್ವೆ ಮಾವ ಮತ್ತು ತಾರೆಯ ದೂರ

ಅವರ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ಎರಡರಷ್ಟು ಸುಕ್ಕುಗಳಿದ್ದವು. ಮೂವತ್ತೈದು ವರ್ಷ ಬಿಸಿಲಲ್ಲಿ ನಿಂತು, ಎಡಗಣ್ಣು ಮುಚ್ಚಿ, ಕೋಲಿನ ತಲೆಯ ಸೀಳಿಗೆ ಬಲಗಣ್ಣು ಕೊಟ್ಟು, ಹೊಲದ ಆ ತುದಿಯ ಬಾವುಟ ನೋಡಿ ನೋಡಿ ಹಾಗಾಗಿತ್ತು. ನಗುವಾಗಲೂ ಎಡಗಣ್ಣೇ ಮೊದಲು ಮುಚ್ಚಿಕೊಳ್ಳುತ್ತಿತ್ತು. ಗೊತ್ತಿಲ್ಲದವರು ಕಣ್ಣು ಹೊಡೆದರು ಅಂದುಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದ ದಿನವೇ ಈ ಮನುಷ್ಯ ತನಗೆ ಕಣ್ಣು ಹೊಡೆದರೆಂದು ಅವರ ಹೆಂಡತಿ ಒಳಗೆ ಹೋಗಿ ತಾಯಿಯ ಹತ್ತಿರ ದೂರು ಹೇಳಿದ್ದರಂತೆ. ಆಮೇಲೂ ಮದುವೆ ಹೇಗಾಯಿತು ಎಂದು ಕೇಳಿದರೆ, "ದೂರು ಕೊಟ್ಟೆ, ವಿಚಾರಣೆ ಆಗ್ಲಿಲ್ಲ" ಎನ್ನುತ್ತಿದ್ದರು.

ಮಧುಗಿರಿಯಲ್ಲಿ ಬೆಟ್ಟದ ಬುಡದ ಬೀದಿಯಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರಿಂದ ಬೀದಿಯ ಮಕ್ಕಳಿಗೆಲ್ಲ ಅವರು ಸರ್ವೆ ಮಾವ, ಅವರ ಹೆಂಡತಿ ಅತ್ತೆ. ಹುಟ್ಟೂರು ಕಳ್ಳಂಬೆಳ್ಳ. ಕೊರಟಗೆರೆ, ಶಿರಾ, ಪಾವಗಡ, ಮಧುಗಿರಿ ಎಂದು ನಾಲ್ಕೂ ತಾಲ್ಲೂಕು ಸುತ್ತಿದ್ದರು. ಶಿರಾದಲ್ಲಿದ್ದಾಗ ಹತ್ತಿದ, ಸರಿ ಎನ್ನುವುದಕ್ಕೆ 'ಬರೋಬರ್' ಎಂಬ ಮಾತು, ಪಾವಗಡದಲ್ಲಿದ್ದಾಗ ಹತ್ತಿದ ತೆಲುಗಿನ ಎಣಿಕೆ, ಎರಡೂ ನಾಲಿಗೆಯಲ್ಲಿ ಉಳಿದಿದ್ದವು. ಹಣೆಯ ಮೇಲಿನ ಮೂರು ಗೆರೆ ವಿಭೂತಿ ಸ್ಕೇಲು ಇಟ್ಟು ಎಳೆದಂತೆ ಇರುತ್ತಿತ್ತು.

ಹತ್ತಿರ, ದೂರ, ಇಲ್ಲೇ, ಅಲ್ಲೇ ಎಂಬ ಮಾತುಗಳು ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ಬಂದು ಬಸ್ ಸ್ಟ್ಯಾಂಡು ಎಷ್ಟು ದೂರ ಎಂದರೆ, "ನಮ್ಮ ಗೇಟಿಂದ ಏಳುನೂರ ನಲವತ್ತು ಹೆಜ್ಜೆ. ನನ್ನ ಹೆಜ್ಜೆ. ಹತ್ತು ಆಚೆ ಈಚೆ" ಎನ್ನುತ್ತಿದ್ದರು. ಆ 'ಆಚೆ ಈಚೆ' ಸೇರಿಸದೆ ಅವರು ಒಂದು ಸಂಖ್ಯೆಯನ್ನೂ ಹೇಳಿದ್ದು ನನಗೆ ನೆನಪಿಲ್ಲ. ಪ್ರತಿ ಅಳತೆಗೂ ಅದರ ತಪ್ಪಿನ ಅಗಲವನ್ನು ಜೊತೆಗೇ ಬರೆಯಬೇಕು ಎಂಬುದನ್ನು ಮುಂದೆ ನನಗೆ ಎಂ.ಎಸ್ಸಿ. ತರಗತಿಯಲ್ಲಿ ಪಾಠವಾಗಿ ಹೇಳಿಕೊಟ್ಟರು. ನನ್ನ ಸಹಪಾಠಿಗಳು ಅದನ್ನು ಕಷ್ಟಪಟ್ಟು ಕಲಿತರು. ನಾನು ಅದನ್ನು ಆರನೇ ವಯಸ್ಸಿನಲ್ಲಿ ಕಾಂಪೌಂಡು ಗೋಡೆಯ ಮೇಲೆ ಕೂತು ಕಲಿತಿದ್ದೆ.

ಏಳನೇ ತರಗತಿಯಲ್ಲಿದ್ದಾಗ ನಮ್ಮ ಬೆಟ್ಟದ ತುದಿಯ ಬುರುಜು ನೆಲದಿಂದ ಎಷ್ಟು ಎತ್ತರ ಎಂದು ಅವರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ನನ್ನ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಒಂದು ದಾರ, ದಾರದ ತುದಿಗೆ ಒಂದು ಕಲ್ಲು ಕಟ್ಟಿಕೊಟ್ಟು, "ಬೀದಿ ಈ ತುದಿಲಿ ನಿಂತು ನೋಡು. ಆಮೇಲೆ ನೂರು ಹೆಜ್ಜೆ ಹಿಂದಕ್ಕೆ ಹೋಗಿ ನೋಡು. ಎರಡನ್ನೂ ಗ್ರಾಫ್ ಹಾಳೇಲಿ ಎಳಿ" ಎಂದರು. ಎಳೆದೆ. ಉತ್ತರ ಬಂತು. ಕುಣಿದುಕೊಂಡು ಹೋಗಿ ತೋರಿಸಿದೆ.

"ಸರಿ. ಈಗ ಸಂತೆ ಬೀದಿಯಿಂದ ಇನ್ನೊಂದ್ಸಲ ನೋಡು."

ಸಂತೆ ಬೀದಿಯಿಂದ ನೋಡಿದರೆ ಉತ್ತರ ಬೇರೆ ಬಂತು. ನನಗೆ ಅಳು ಬಂತು. ಯಾವುದು ನಿಜ ಎಂದು ಕೇಳಿದೆ.

"ಎರಡೂ ಸುಳ್ಳಲ್ಲ ಕಣಮ್ಮ. ಒಂದೇ ಕಡೆಯಿಂದ ನೋಡಿದ್ದು ಅಂದಾಜು. ಎರಡು ಕಡೆಯಿಂದ ನೋಡಿದ್ರೆ ಆಗ ಅಳತೆ ಶುರುವಾಯ್ತದೆ. ಇನ್ನೊಂದ್ಸಲ ನೋಡೋಗು."

ಆ ರಜೆಯಿಡೀ ನಾನು ಊರಿನ ಒಂಬತ್ತು ಕಡೆಯಿಂದ ಬೆಟ್ಟ ನೋಡಿದೆ. ಹಾಗೆ ನೋಡುತ್ತಲೇ ಭೌತಶಾಸ್ತ್ರಕ್ಕೆ ಬಂದುಬಿಟ್ಟೆ ಎನ್ನಬಹುದು.

ಮುಂದೆ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದಾಗ ನನಗೆ ಸಿಕ್ಕ ವಿಷಯವೂ ದೂರವೇ ಆಗಿತ್ತು: ನ್ಯೂಟ್ರಾನ್ ತಾರೆಗಳು ಎಷ್ಟು ದೂರದಲ್ಲಿವೆ ಎಂದು ಅವುಗಳ ಎಕ್ಸ್-ರೇ ಸ್ಫೋಟಗಳಿಂದ ಕಂಡುಹಿಡಿಯುವುದು. ಮೂರನೇ ವರ್ಷದಲ್ಲಿ ನನ್ನ ಮೊದಲ ಪ್ರಬಂಧ ಅಚ್ಚಾಯಿತು. ಒಂದು ತಾರೆಯ ದೂರವನ್ನು ಅದರಲ್ಲಿ ಹೇಳಿದ್ದೆ. ಆಮೇಲೆ ಕೊರೊನಾ ಬಂತು. ಹಾಸ್ಟೆಲ್ ಮುಚ್ಚಿದರು. ಲ್ಯಾಪ್‌ಟಾಪು, ನಾಲ್ಕು ಪುಸ್ತಕ ತುಂಬಿಕೊಂಡು ಮಧುಗಿರಿಗೆ ಬಂದೆ.

ಸರ್ವೆ ಮಾವ ಆಗ ನಿವೃತ್ತರಾಗಿ ಹತ್ತು ವರ್ಷದ ಮೇಲಾಗಿತ್ತು. ಆದರೂ ಆ ತಿಂಗಳುಗಳಲ್ಲಿ ಊರಿಗೆ ಅವರೇ ಬೇಕಾಗಿದ್ದರು. ಅಂಗಡಿಗಳ ಮುಂದೆ ಜನ ಆರು ಅಡಿ ಬಿಟ್ಟು ನಿಲ್ಲಬೇಕಲ್ಲ, ಆ ಸುಣ್ಣದ ವೃತ್ತಗಳನ್ನು ಹಾಕಲು ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಟೇಪು ಹಿಡಿದು, ಮಾಸ್ಕು ಹಾಕಿಕೊಂಡು, ಎಡಗಣ್ಣು ಮುಚ್ಚಿ, ಮೆಡಿಕಲ್ ಸ್ಟೋರಿನಿಂದ ರೇಷನ್ ಅಂಗಡಿಯವರೆಗೆ ಗೆರೆ ಹಿಡಿದು ವೃತ್ತ ಬರೆದರು. ಬೇರೆ ಊರುಗಳಲ್ಲಿ ವೃತ್ತಗಳು ಸೊಟ್ಟಗಿದ್ದ ಫೋಟೋ ಪೇಪರಿನಲ್ಲಿ ಬಂದರೆ ನನಗೆ ತೋರಿಸಿ, "ಇದು ಆರಡಿನಾ? ನಾಲ್ಕೂವರೆ" ಎಂದು ನೊಂದುಕೊಳ್ಳುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಅವರ ಜಗಲಿಯಲ್ಲಿ ಅವರು, ನಮ್ಮ ಜಗಲಿಯಲ್ಲಿ ನಾನು, ನಡುವೆ ಕಾಂಪೌಂಡು. ಅತ್ತೆ ಒಳಗಿನಿಂದ ಕಾಫಿ ತಂದು ಗೋಡೆಯ ಮೇಲೆ ಇಡುತ್ತಿದ್ದರು. ಒಂದು ದಿನ ಮಾವ ಕೇಳಿದರು.

"ನೀನು ನಕ್ಷತ್ರದ ದೂರ ಅಳ್ದಿದ್ದೀಯ ಅಂತ ನಿಮ್ಮಪ್ಪ ಹೇಳ್ದ. ಸರಪಳಿ ಹಾಕಂಗಿಲ್ಲ, ಬಾವುಟ ನೆಡಂಗಿಲ್ಲ. ಹೆಂಗೆ ಅಳ್ದೆ?"

ಹೇಳಿದೆ. ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಿರುತ್ತವೆ. ಅದರಲ್ಲೊಂದು ಆಯುಸ್ಸು ಮುಗಿದು ಕುಸಿದದ್ದು. ಅದರ ತೂಕ ನಮ್ಮ ಸೂರ್ಯನಿಗಿಂತ ಹೆಚ್ಚು, ಅಗಲ ಮಾತ್ರ ಮಧುಗಿರಿಯಿಂದ ಕೊರಟಗೆರೆ ದಾಟಿ ಸ್ವಲ್ಪ ಹೋದಷ್ಟು.

"ಸ್ವಲ್ಪ ಅಂದ್ರೆ?"

"ಎರಡು ಮೂರು ಕಿಲೋಮೀಟರು ಮಾವ. ಆಚೆ ಈಚೆ."

"ಮುಂದಕ್ಕೆ ಹೇಳು."

ಅದರ ಸೆಳೆತ ಎಷ್ಟೆಂದರೆ ಪಕ್ಕದ ನಕ್ಷತ್ರದ ಅನಿಲವನ್ನು ಎಳೆದು ತನ್ನ ಮೈಮೇಲೆ ಹೊದ್ದುಕೊಳ್ಳುತ್ತದೆ. ಆ ಹೊದಿಕೆ ಗಂಟೆಗಟ್ಟಲೆ ಸೇರಿ ಸೇರಿ, ಒತ್ತಡಕ್ಕೆ ಬಿಸಿಯಾಗಿ, ಒಂದು ಗಳಿಗೆಯಲ್ಲಿ ಪೂರ್ತಿ ಹೊತ್ತಿಕೊಳ್ಳುತ್ತದೆ. ಹತ್ತು ಹದಿನೈದು ಸೆಕೆಂಡು ಧಗ್ಗೆಂದು ಉರಿದು ಆರುತ್ತದೆ. ಆಗ ಹೊರಡುವುದು ಹೆಚ್ಚಾಗಿ ಎಕ್ಸ್-ರೇ. ನಮ್ಮ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ, ಅದಕ್ಕೇ ಉಪಗ್ರಹದಲ್ಲಿ ಯಂತ್ರ ಇಟ್ಟು ನೋಡುತ್ತೇವೆ.

"ಉರೀತು. ಅದಕ್ಕೂ ದೂರಕ್ಕೂ ಏನು ಸಂಬಂಧ?"

"ಬೆಳಕಿಗೂ ನೂಕುವ ಶಕ್ತಿ ಇದೆ ಮಾವ. ಸ್ಫೋಟ ತುಂಬ ಜೋರಾದರೆ ಆ ಬೆಳಕು ತಾರೆಯ ಮೇಲ್ಪದರವನ್ನೇ ಮೇಲಕ್ಕೆ ನೂಕುತ್ತದೆ. ತಾರೆ ಕೆಳಕ್ಕೆ ಎಳೆಯುತ್ತೆ, ಬೆಳಕು ಮೇಲಕ್ಕೆ ನೂಕುತ್ತೆ. ಎರಡೂ ಸಮ ಆದದ್ದೇ ಮೇರೆ. ಅದಕ್ಕಿಂತ ಹೆಚ್ಚು ಬೆಳಗೋಕೆ ಹೋದರೆ ಪದರ ಉಬ್ಬುತ್ತೆ, ಉಬ್ಬಿ ತಣ್ಣಗಾಗುತ್ತೆ, ಆಮೇಲೆ ಮತ್ತೆ ಇಳಿದು ಕೂರುತ್ತೆ."

"ಹಾಲುಕ್ಕಿದಂಗೆ ಅನ್ನು" ಎಂದರು ಅತ್ತೆ ಬಾಗಿಲಿನಿಂದ.

"ಹಾಗೇ ಅತ್ತೆ. ಉಕ್ಕಿದ್ದು ಕಂಡರೆ ಮೇರೆ ಮುಟ್ಟಿದೆ ಅಂತ ಗೊತ್ತಾಗುತ್ತೆ. ಮೇರೆಯ ಬೆಳಕು ಎಷ್ಟು ಅಂತ ಲೆಕ್ಕ ಹಾಕಬಹುದು. ಇಲ್ಲಿಗೆ ಬಂದದ್ದು ಎಷ್ಟು ಅಂತ ಯಂತ್ರ ಹೇಳುತ್ತೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ ಆಗುತ್ತೆ. ಅಲ್ಲಿಂದ ದೂರ ಸಿಕ್ಕಿತು."

ಮಾವ ಲೋಟ ಕೆಳಗಿಟ್ಟರು. "ಬರೋಬರ್" ಎಂದರು. ಆಮೇಲೆ ಕೇಳಿದರು.

"ನೀನು ಅಳ್ದ ತಾರೆಲಿ ಅದು ಉಕ್ಕಿತ್ತಾ?"

"ಉಕ್ಕಿತ್ತು ಮಾವ. ಬಿಸಿ ಇಳಿದು ಗಾತ್ರ ಹೆಚ್ಚಿದ್ದು ಕಾಣುತ್ತೆ."

"ಎಷ್ಟು ಕಡೆ ಕಾಣ್ತದೆ?"

ಲ್ಯಾಪ್‌ಟಾಪು ತಿರುಗಿಸಿ ಪರದೆಯ ಮೇಲಿನ ಚುಕ್ಕಿಗಳನ್ನು ತೋರಿಸಿದೆ. ಗೋಡೆಗೆ ಬಾಗಿ ಎಡಗಣ್ಣು ಮುಚ್ಚಿ ನೋಡಿದರು.

"ಎರಡೇ ಚುಕ್ಕಿನಾ?"

"ಒಂದೊಂದು ಚುಕ್ಕಿಯೂ ಅರ್ಧ ಸೆಕೆಂಡಿನದು. ಸ್ಫೋಟವೇ ಚಿಕ್ಕದಲ್ವಾ?"

"ಹೂಂ" ಎಂದು ಎದ್ದು ಒಳಗೆ ಹೋದರು. ಮರುದಿನದಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಪಕ್ಕದ್ಮನೆ ಮಗ ಹೋಗದೇ ಇರೋ ಜಾಗದ ಹದ್ದು ಅಳ್ದವ್ಳೆ" ಎಂದು ಹೇಳುತ್ತಿದ್ದರು. ಹದ್ದು ಎಂದರೆ ಗಡಿ. ಹೆಣ್ಣುಮಕ್ಕಳನ್ನೂ ಮಗ ಎನ್ನುವುದು ಅವರ ರೂಢಿ.

ಅದಾಗಿ ಕೆಲವು ತಿಂಗಳಿಗೆ ನಮ್ಮ ಗೈಡ್ ಮೇಡಂ ಒಂದು ಇ-ಮೇಲ್ ಕಳಿಸಿದರು. ನಾನು ದೂರ ಹೇಳಿದ್ದ ಅದೇ ತಾರೆಯಲ್ಲಿ ಬೇರೊಂದು ದೇಶದ ತಂಡ ಇನ್ನೊಂದು ಸ್ಫೋಟ ಕಂಡಿತ್ತು. ಅದು ನನ್ನ ಸ್ಫೋಟಕ್ಕಿಂತ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಪ್ರಖರವಾಗಿತ್ತು. ಉಬ್ಬಿ ಇಳಿದದ್ದು ಅದರಲ್ಲಿ ಹತ್ತಾರು ಚುಕ್ಕಿಗಳಲ್ಲಿ ಸ್ಪಷ್ಟವಾಗಿತ್ತು.

ಮೇರೆಯ ಮೇಲೆ ಇನ್ನೊಂದು ಮೇರೆ ಇರುವುದಿಲ್ಲ. ಅವರ ಸ್ಫೋಟ ಮೇರೆ ಮುಟ್ಟಿದ್ದರೆ ನನ್ನದು ಮುಟ್ಟಿರಲಿಲ್ಲ. ಆದರೆ ತಪ್ಪಿಸಿಕೊಳ್ಳಲು ಒಂದು ಸಂದಿ ಇತ್ತು. ಹೊತ್ತಿಕೊಂಡ ಅನಿಲದಲ್ಲಿ ಹೈಡ್ರೋಜನ್ ಬೆರೆತಿದ್ದರೆ ಮೇರೆ ಕೆಳಗಿರುತ್ತದೆ, ಬರೀ ಹೀಲಿಯಂ ಆದರೆ ಮೇಲಿರುತ್ತದೆ. ನನ್ನದು ಬೆರಕೆಯದು, ಅವರದು ಹೀಲಿಯಂ ಎಂದು ಎರಡು ಸಾಲು ಬರೆದುಬಿಟ್ಟರೆ ನನ್ನ ದೂರ ಇದ್ದಂತೆಯೇ ಉಳಿಯುತ್ತಿತ್ತು. ಹಾಗೆ ಆಗುವುದೂ ಉಂಟು. ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಆದರೂ ಹಳೆಯ ದತ್ತಾಂಶವನ್ನು ಮತ್ತೆ ತೆಗೆದೆ. ಸ್ಫೋಟವಿಲ್ಲದಾಗಲೂ ಯಂತ್ರಕ್ಕೆ ಬೀಳುತ್ತಲೇ ಇರುವ ಹಿನ್ನೆಲೆ ಬೆಳಕನ್ನು ಮೊದಲು ಕಳೆಯಬೇಕು. ಅದನ್ನು ನಾನು ಉಪಗ್ರಹ ಬೇರೆಡೆ ಇದ್ದ ಹೊತ್ತಿನಿಂದ ತೆಗೆದುಕೊಂಡಿದ್ದೆ. ಸರಿಯಾದ ಹೊತ್ತಿನದನ್ನು ಕಳೆದು ನೋಡಿದರೆ ಆ ಎರಡು ಚುಕ್ಕಿಗಳೂ ಉಳಿದವುಗಳ ಸಾಲಿಗೆ ಬಂದು ಕೂತವು. ಉಬ್ಬಿದ್ದಕ್ಕೆ ಸಾಕ್ಷಿಯೇ ಇರಲಿಲ್ಲ.

ವಿದೇಶದ ಒಂದು ಹುದ್ದೆಗೆ ಆ ಪ್ರಬಂಧ ತೋರಿಸಿಯೇ ಅರ್ಜಿ ಹಾಕಿದ್ದೆ. ಮೇಡಂಗೆ ಇನ್ನೂ ಹೇಳಿರಲಿಲ್ಲ. ಅಪ್ಪ ಅಮ್ಮನಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗುವ ಒಬ್ಬರಿದ್ದರು, ಗೋಡೆಯ ಆಚೆ. ಅವರಿಗೆ ಹೇಳಲು ಬಾಯಿ ಬರಲಿಲ್ಲ. ಹತ್ತು ದಿನ ತಲೆನೋವು ಎಂದು ಜಗಲಿಗೇ ಹೋಗಲಿಲ್ಲ.

ಹನ್ನೊಂದನೇ ದಿನ ಅವರೇ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು.

"ವಳ್ಳೂರು ಕಡೆ ಹೋಗಬೇಕು ಕಣಮ್ಮ. ಬಸ್ಸು ಇನ್ನೂ ಸರಿಯಾಗಿ ಬುಟ್ಟಿಲ್ಲ. ನಿಮ್ಮಪ್ಪನ ಕಾರು ತೆಗೀತೀಯಾ?"

ದಾರಿಯಲ್ಲಿ ವಿಷಯ ಹೇಳಿದರು. ಸೋಲಾರ್ ಪಾರ್ಕಿನ ಅಂಚಿನ ಒಂದು ಹಳ್ಳಿಯಲ್ಲಿ ಇಪ್ಪತ್ತಾರು ವರ್ಷದ ಹಿಂದೆ ಒಂದು ಜಮೀನಿಗೆ ಅವರು ಹದ್ದುಬಸ್ತು ಮಾಡಿದ್ದರು. ಎಂದರೆ ಎರಡು ಮನೆಯವರ ನಡುವಿನ ಗಡಿಯನ್ನು ಅಳೆದು ಕಲ್ಲು ನೆಡಿಸಿದ್ದರು. ಒಂದು ಕಡೆ ಒಬ್ಬ ವಿಧವೆ ಹೆಂಗಸು, ಇನ್ನೊಂದು ಕಡೆ ಅವರ ಮೈದುನ. ಗಡಿಯ ಹತ್ತಿರ ಒಂದು ಹುಣಿಸೆಮರ. ಅಂದಿನ ನಕ್ಷೆಯಲ್ಲಿ ಮರ ಮೈದುನನ ಪಾಲಿಗೆ ಹೋಗಿತ್ತು. ಈಗ ಮೈದುನ ತಮ್ಮ ಜಮೀನನ್ನು ಸೋಲಾರಿಗೆ ಕೊಡುತ್ತಿದ್ದರು. ಹಲಗೆಗಳ ಮೇಲೆ ನೆರಳು ಬೀಳಬಾರದೆಂದು ಮರ ಕಡಿಯುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ತಾಲ್ಲೂಕಿನ ಹೊಸ ಸರ್ವೆಯರ್ ಹುಡುಗಿ ಉಪಗ್ರಹ ನೋಡಿ ಅಳೆಯುವ ಯಂತ್ರ ತಂದು ಅಳೆದರೆ ಗಡಿ ಹನ್ನೊಂದು ಅಡಿ ಆಚೆ ಬಂತು. ಹಾಗಾದರೆ ಮರ ಆ ವಿಧವೆಯದು, ಈಗ ಅಜ್ಜಿಯಾಗಿದ್ದವರದು. ಹಳೆಯ ನಕ್ಷೆಯೋ ಹೊಸ ಯಂತ್ರವೋ ಎಂದು ಜಗಳ ಶುರುವಾಗಿತ್ತು. ಆ ಹುಡುಗಿ ಹಳೆಯ ಕಾಗದದ ಸಹಿ ನೋಡಿ, ಹೇಗೋ ನಂಬರು ಹುಡುಕಿ ಮಾವನಿಗೆ ಫೋನು ಮಾಡಿದ್ದಳು.

"ಅವಳು ಬನ್ನಿ ಅನ್ನಲಿಲ್ಲ. ನಿಮಗೇನಾದ್ರೂ ನೆನಪೈತಾ ಸಾರ್ ಅಂತ ಕೇಳಿದ್ಲು, ಅಷ್ಟೇ" ಎಂದರು ಮಾವ. ಆಮೇಲೆ ಪಾವಗಡ ದಾಟಿದೆವು.

ಬೆಟ್ಟದ ಸಾಲು ಹಿಂದೆ ಸರಿದಂತೆ ನೀಲಿ ಹಲಗೆಗಳು ಶುರುವಾದವು. ಎಷ್ಟು ದೂರ ನೋಡಿದರೂ ಅವೇ. ಮಾವ ಕಿಟಕಿಯಿಂದ ನೋಡುತ್ತ, "ಈ ಹೊಲಗಳೆಲ್ಲ ಕಾಲಲ್ಲಿ ತುಳ್ದಿವ್ನಿ" ಎಂದರು. ದುಃಖದಿಂದ ಹೇಳಿದ್ದಲ್ಲ. ಹಲಗೆಗಳ ಸಾಲು ನೇರವಾಗಿದೆಯಾ ಎಂದು ಕಣ್ಣಳತೆ ಮಾಡುತ್ತಿದ್ದರು. ನೇರವಾಗಿತ್ತು.

ಹೊಲದಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಸರ್ವೆಯರ್ ಹುಡುಗಿ ಟೋಪಿ ಹಾಕಿಕೊಂಡು ಯಂತ್ರದ ಕೋಲು ಹಿಡಿದು ನಿಂತಿದ್ದಳು. ಅಜ್ಜಿ ಮರದ ನೆರಳಿನಿಂದ ಸ್ವಲ್ಪ ಹೊರಗೆ, ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಮಾವ ಯಾರ ಜೊತೆಗೂ ಮಾತಾಡದೆ ಹಳೆಯ ನಕ್ಷೆ ಇಸಿದುಕೊಂಡು ಪೂರ್ವದ ಮೂಲೆಗೆ ನಡೆದರು. ಅಲ್ಲಿ ಒಂದು ಕಲ್ಲಿತ್ತು. ಅದರ ಮುಂದೆ ಮೊಣಕಾಲೂರಿ ಕೂತು ಕೈಯಿಂದ ಸವರಿದರು. ಎದ್ದು ಸುತ್ತ ನೋಡಿದರು. ನಾಲ್ಕೈದು ಹೆಜ್ಜೆ ಆಚೆ ಬಳ್ಳಾರಿ ಜಾಲಿಯ ಪೊದೆ ಬೆಳೆದಿತ್ತು.

"ಅದನ್ನ ಸ್ವಲ್ಪ ಸವರ್ತೀರಾ?"

ಇಬ್ಬರು ಮಚ್ಚು ತಂದು ಮುಳ್ಳು ಕಡಿದರು. ಬುಡದಲ್ಲಿ, ಅರ್ಧ ಮಣ್ಣಲ್ಲಿ ಹೂತು, ಇನ್ನೊಂದು ಕಲ್ಲಿತ್ತು. ತಲೆಯ ಮೇಲೆ ಅಡ್ಡಗೆರೆ ಉದ್ದಗೆರೆ ಕೊರೆದ ಗುರುತು. ಮಾವ ಉಗುರಿನಿಂದ ಆ ಗುರುತಿನ ಮಣ್ಣು ಬಿಡಿಸಿದರು. ಹುಡುಗಿ ಕೋಲು ತಂದು ಅದರ ಮೇಲಿಟ್ಟಳು. ಯಂತ್ರ ನೋಡಿ ತಲೆಯಾಡಿಸಿದಳು.

ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು.

"ಇದು ನಿಜವಾದ ಬಾಂದುಕಲ್ಲು. ಸರ್ಕಾರದ ಗುರುತಿನ ಕಲ್ಲು. ಅವತ್ತೂ ಪೊದೆ ಇತ್ತು, ನನಗೆ ಕಾಣಲಿಲ್ಲ. ಆ ಮೂಲೇದು ಎಮ್ಮೆ ಕಟ್ಟೋಕೆ ಯಾರೋ ನೆಟ್ಟ ಕಲ್ಲು. ಅದನ್ನೇ ಬಾಂದು ಅಂತ ಹಿಡ್ಕೊಂಡು ಅಳ್ದೆ. ಪಡುವಲ ಕಡೆ ಕಲ್ಲಿಂದ ಇನ್ನೊಂದ್ಸಲ ಅಳ್ದಿದ್ರೆ ಗೊತ್ತಾಗ್ತಿತ್ತು. ಅಳೀಲಿಲ್ಲ. ಸಾಯಂಕಾಲದ ಬಸ್ಸು ತಪ್ಪೋಯ್ತದೆ ಅಂತ ಹೊಂಟೋದೆ. ತಪ್ಪು ನಂದು."

ಮೈದುನ ಮುಂದೆ ಬಂದರು. ಅವರಿಗೂ ಅರವತ್ತು ದಾಟಿತ್ತು. "ಕಾಗದದಲ್ಲಿ ನಿಮ್ಮದೇ ಸಹಿ ಐತಲ್ಲ ಸಾರ್. ಇಷ್ಟು ವರ್ಷ ಆದ್ಮೇಲೆ ಮಾತು ಬದಲಾಯಿಸಿದ್ರೆ ಹೆಂಗೆ?"

"ಸಹಿ ನಂದೇ ಕಣಪ್ಪ. ಅದಕ್ಕೇ ನಾನೇ ಬಂದಿವ್ನಿ."

ಮೈದುನ ಸ್ವಲ್ಪ ಹೊತ್ತು ಆ ಕಲ್ಲನ್ನೇ ನೋಡಿದರು. ತಿರುಗಿ ಮನೆ ಕಡೆ ನಡೆದರು. ಹುಡುಗಿ ಮಾವನ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡಳು.

ಅಜ್ಜಿ ಎದ್ದು ಬಂದರು. ಮರಕ್ಕೆ ಅವರು ತೆಲುಗಿನಲ್ಲಿ ಚೆಟ್ಟು ಎನ್ನುತ್ತಿದ್ದರು.

"ನಮ್ಮತ್ತೆ ಇಟ್ಟ ಚೆಟ್ಟು ಸಾಮಿ ಅದು. ಇಪ್ಪತ್ತಾರು ವರ್ಷ ಅದರ ಕೆಳಗೆ ಕೂತಿಲ್ಲ ನಾನು. ಕೂತ್ರೆ ಅವರು ಏನಾದ್ರೂ ಅಂತಾರೆ ಅಂತ."

ಮಾವ ಕೈ ಮುಗಿದರು. "ನನ್ನಿಂದ ಹಿಂಗಾಯ್ತು ಕಣಮ್ಮ."

"ಪರ್ಲೇದು" ಎಂದರು ಅಜ್ಜಿ. ಪರವಾಗಿಲ್ಲ ಎಂದು. "ಬಂದ್ಯಲ್ಲ. ಬಾ, ಕೂತ್ಕೋ."

ಅಜ್ಜಿ, ಮಾವ, ನಾನು, ಆ ಹುಡುಗಿ, ನಾಲ್ವರೂ ಮರದ ಕೆಳಗೆ ಕೂತೆವು. ಸ್ವಲ್ಪ ಹೊತ್ತಿಗೆ ಮೈದುನನ ಮನೆಯಿಂದ ಒಂದು ಚೊಂಬು ಮಜ್ಜಿಗೆ ಬಂತು. ಅವರು ಬರಲಿಲ್ಲ. ಸೊಸೆಯ ಕೈಲಿ ಕಳಿಸಿದ್ದರು. ಅಜ್ಜಿ ಅದನ್ನು ಎಲ್ಲರಿಗೂ ಬಗ್ಗಿಸಿ ಕೊಟ್ಟು ತಾವೂ ಕುಡಿದರು.

ವಾಪಸು ಬರುವಾಗ ಪಾವಗಡದ ಕೋಟೆ ಬೆಟ್ಟದ ಕೆಳಗೆ ಟೀಗೆ ನಿಲ್ಲಿಸಿದೆ. ಮಾವ ಹಗುರವಾಗಿದ್ದರು. ಎರಡು ಬನ್ನು ತಿಂದರು. ಅವರು ಬೇರೆ ಕಡೆ ನೋಡುತ್ತಿದ್ದಾಗ ನಾನು ನನ್ನ ವಿಷಯ ಹೇಳಿಬಿಟ್ಟೆ: ಎರಡು ಚುಕ್ಕಿ, ಹಿನ್ನೆಲೆ ಬೆಳಕು, ಹೊಸ ಸ್ಫೋಟ, ತಪ್ಪಿಸಿಕೊಳ್ಳುವ ಸಂದಿ, ಎಲ್ಲ. ಹೇಳುತ್ತ ಹೇಳುತ್ತ ಟೀ ಆರಿತು.

ಅವರು ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದರು.

"ನಿನ್ನ ಅಳತೆ ನಂಬ್ಕೊಂಡು ಯಾರಾದ್ರೂ ಮುಂದಕ್ಕೆ ಕೆಲಸ ಮಾಡವ್ರಾ?"

ಯೋಚಿಸಿದೆ. "ಎರಡು ತಂಡದವರು ನನ್ನ ದೂರ ಇಟ್ಟುಕೊಂಡು ತಾರೆಯ ಗಾತ್ರ ಲೆಕ್ಕ ಹಾಕಿದ್ದಾರೆ."

"ಅಂಗಾದ್ರೆ ಬೇಗ ಹೇಳು. ನಾನು ಇಪ್ಪತ್ತಾರು ವರ್ಷ ತಕ್ಕೊಂಡೆ."

"ನಿಮಗೆ ಗೊತ್ತಿರಲಿಲ್ಲವಲ್ಲ ಮಾವ."

"ಗೊತ್ತಿರಲಿಲ್ಲ. ನಿಂಗೆ ಗೊತ್ತಾಗೈತೆ" ಎಂದು ಟೀ ಅಂಗಡಿಯವರನ್ನು ಕರೆದು ನನಗೆ ಇನ್ನೊಂದು ಬಿಸಿ ಟೀ ಹೇಳಿದರು.

ಮರುದಿನ ಮೇಡಂಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. "ಬರೆದು ಕಳಿಸು, ನಾನೂ ಸಹಿ ಹಾಕುತ್ತೇನೆ. ಆ ಹಿನ್ನೆಲೆಯನ್ನು ನಾನೂ ನೋಡಬೇಕಿತ್ತು" ಎಂದರು. ತಿದ್ದುಪಡಿ ಎಂದು ಸಂಶೋಧನಾ ಪತ್ರಿಕೆಗಳಲ್ಲಿ ಒಂದು ಪುಟ ಹಾಕುತ್ತಾರೆ. ಅದನ್ನು ಬರೆದೆ. ಮಾವನಿಗೆ ತೋರಿಸಬೇಕೆನಿಸಿ ಕನ್ನಡದಲ್ಲೂ ಬರೆದು ಕಾಂಪೌಂಡಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದು, ಮೊದಲ ಸಾಲಿನಲ್ಲೇ ನಿಂತರು. 'ಹಿಂದಿನ ಪ್ರಬಂಧದಲ್ಲಿ ಒಂದು ತಪ್ಪು ಸಂಭವಿಸಿರುವುದು ಕಂಡುಬಂದಿದೆ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಮೇಲೆ ದುಂಡಗೆ ಬರೆದರು: 'ಹಿಂದಿನ ಪ್ರಬಂಧದಲ್ಲಿ ನಾನು ತಪ್ಪು ಮಾಡಿದೆ.'

"ಅದು ತಾನಾಗೇ ಸಂಭವಿಸ್ತದಾ?" ಎಂದು ಕೇಳಿ ಹಾಳೆ ವಾಪಸು ಕೊಟ್ಟರು.

ಇಂಗ್ಲಿಷಿನಲ್ಲೂ ಹಾಗೇ ತಿದ್ದಿ ಕಳಿಸಿದೆ. ಹೊಸ ಸ್ಫೋಟವನ್ನೇ ಮೇರೆ ಎಂದು ಹಿಡಿದ ಲೆಕ್ಕದಲ್ಲಿ ತಾರೆ ಮೊದಲು ಹೇಳಿದ್ದಕ್ಕಿಂತ ಹತ್ತಿರ ಇರಬಹುದು ಎಂದು ಬಂತು. ಅನಿಲ ಯಾವುದೆಂದು ಗೊತ್ತಿಲ್ಲದ್ದರಿಂದ ಅಂದಾಜಿನ ಅಗಲ ಮೊದಲಿನದಕ್ಕಿಂತ ಎಷ್ಟೋ ಹೆಚ್ಚಾಯಿತು. ಸಂಕೋಚದಿಂದಲೇ ಅದನ್ನು ಮಾವನಿಗೆ ತೋರಿಸಿದೆ.

"ಆಚೆ ಈಚೆ ಜಾಸ್ತಿಯಾಯ್ತು ಮಾವ."

"ಆಗ್ಲಿ ಬುಡು. ನಿಜ ಅದರೊಳಗೆ ಕೂತ್ಕೊಳೋಕೆ ಜಾಗ ಬೇಕಲ್ಲ."

ವಿದೇಶದ ಆ ಹುದ್ದೆ ಸಿಗಲಿಲ್ಲ. ತಿದ್ದುಪಡಿಯಿಂದಲೋ ಬೇರೆ ಕಾರಣದಿಂದಲೋ ನನಗೆ ತಿಳಿಯದು. ಆದರೆ ಹೊಸ ಸ್ಫೋಟ ಕಂಡ ತಂಡದ ಮುಖ್ಯಸ್ಥರು ನನಗೆ ಪತ್ರ ಬರೆದರು. ತಮ್ಮ ದತ್ತಾಂಶವನ್ನೆಲ್ಲ ಕೊಟ್ಟು, ಇಬ್ಬರೂ ಸೇರಿ ಇನ್ನಷ್ಟು ತಾರೆಗಳನ್ನು ನೋಡೋಣ ಎಂದರು. ಇಂದಿಗೂ ನನ್ನ ಕೆಲಸ ಅದೇ. 'ನಾನು ತಪ್ಪು ಮಾಡಿದೆ ಎಂಬ ವಾಕ್ಯ ಓದಿ ನಿಮಗೆ ಬರೆಯಬೇಕೆನಿಸಿತು' ಎಂದು ಅವರು ಆಮೇಲೆ ಒಮ್ಮೆ ಹೇಳಿದರು. ಆ ವಾಕ್ಯ ನನ್ನದಲ್ಲ ಎಂದು ಅವರಿಗೆ ಹೇಳಿದೆ. ಯಾರದೆಂದು ವಿವರಿಸಲು ಒಂದು ಗಂಟೆ ಬೇಕಾಯಿತು.

ಪಿಎಚ್.ಡಿ. ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲೇ ನಡೆಯಿತು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಮ್ಮ ನಡುಮನೆಯಲ್ಲಿ ಅಪ್ಪನ ಫೋನಿನ ಮುಂದೆ ಎರಡು ಗಂಟೆ ನೆಟ್ಟಗೆ ಕೂತಿದ್ದರು. ಪರೀಕ್ಷಕರು ತಿದ್ದುಪಡಿಯ ಅಧ್ಯಾಯಕ್ಕೇ ಬಹಳ ಹೊತ್ತು ಕೊಟ್ಟರು. ಎಲ್ಲ ಮುಗಿದ ಮೇಲೆ ರೂಮಿನಿಂದ ಹೊರಬಂದು ಅವರ ಕಾಲಿಗೆ ಬಿದ್ದೆ. ನಿಮ್ಮಿಂದ ಎಂದು ಏನೋ ಹೇಳಲು ಹೋದೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಮೊದ್ಲು ಉಣ್ಣೋಗು" ಎಂದುಬಿಟ್ಟರು.

ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ, ಬೆಳಗಿನ ಪೂಜೆ ಮುಗಿಸಿ ಜಗಲಿಯಲ್ಲಿ ಪೇಪರು ಓದುತ್ತ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಅತ್ತೆ ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ನರಳಲಿಲ್ಲ, ಮಲಗಲಿಲ್ಲ. ನಾನು ಬೆಂಗಳೂರಿನಿಂದ ಹೋಗುವಷ್ಟರಲ್ಲಿ ಬೀದಿ ತುಂಬ ಜನ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ನಾಲ್ಕೂ ತಾಲ್ಲೂಕಿನಿಂದ ಬಂದಿದ್ದರು. ರುಮಾಲಿನವರು, ಟೋಪಿಯವರು, ಕಚೇರಿಯವರು, ನಾನು ಮುಖ ನೋಡಿರದ ಎಷ್ಟೋ ಜನ. ಅತ್ತೆ ಅತ್ತು ಸಮಾಧಾನವಾಗಿದ್ದರು. ಸಾಲಿನ ನಡುವೆ ಓಡಾಡುತ್ತ ಯಾರಿಗೆ ಏನು ಬಡಿಸಿಲ್ಲ ಎಂದು ನೋಡುತ್ತಿದ್ದರು. ನನ್ನ ಎಲೆಯ ಪಕ್ಕದಲ್ಲಿ ಶಿರಾ ಕಡೆಯ ಒಬ್ಬ ಹಿರಿಯರು ಕೂತಿದ್ದರು. ಊಟದ ನಡುವೆ ನನ್ನ ಕಡೆ ತಿರುಗಿ ಕೇಳಿದರು.

"ನೀವು ಅವರಿಗೆ ಏನಾಗಬೇಕಮ್ಮ?"

ಪಕ್ಕದ ಮನೆಯವಳು ಎಂದರೆ ಸಾಲದು. ಶಿಷ್ಯೆ ಎಂದರೆ ಅವರು ಮೇಷ್ಟರಾಗಿರಲಿಲ್ಲ. ಮಗಳಲ್ಲ, ಸೊಸೆಯಲ್ಲ. ಕೊನೆಗೆ ಹೇಳಿದೆ.

"ನಾನೂ ಅವರ ಇಲಾಖೆಯವಳೇ."

"ಸರ್ವೆನಾ?"

"ಹೌದು. ಸರ್ವೆ."

ಅವರು ಒಪ್ಪಿ ತಲೆಯಾಡಿಸಿದರು. ಪಾಯಸದ ಬಕೆಟ್ಟು ಹಿಡಿದು ಬರುತ್ತಿದ್ದವರನ್ನು ಕೈ ಮಾಡಿ ಕರೆದು, "ಈಯಮ್ಮನಿಗೆ ಇನ್ನೊಂದಿಷ್ಟು ಬುಡಪ್ಪ. ಅವರ ಡಿಪಾರ್ಟ್‌ಮೆಂಟಿನವರಂತೆ" ಎಂದರು.